ಹನ್ನೊಂದು ಮಷೀನು, ಒಂದು ಕೌದಿ

“ಈ ಮಷೀನನ್ನ ನಿಮಗೆ ಕೊಡಲ್ಲ!”

ಆ ಮಾತು ಬಿದ್ದ ಕೂಡಲೇ ಹೊಲಿಗೆ ಮಷೀನಿನ ಅಂಗಡಿಯಲ್ಲಿ ಸಕಲವೂ ಸ್ತಬ್ಧ! ಫ್ಯಾನು ನಿಂತಿತು. ಗಡಿಯಾರ ನಿಂತಿತು. ಹೊರಗೆ ರಸ್ತೆಯಲ್ಲಿ ಹೋಗುತ್ತಿದ್ದ ಬಸ್ಸೂ ನಿಂತಿತು. ಅಲ್ಲಿ ಬಸ್ ಸ್ಟಾಪ್ ಇತ್ತು, ಅದಕ್ಕೇ ನಿಂತಿತು ಎಂದು ವಾದಿಸುವವರಿದ್ದಾರೆ. ಅಂಥವರು ಪ್ರೇಮಕಥೆ ಓದಲು ಲಾಯಕ್ಕಲ್ಲ.

ಅವಳು ಕೌಂಟರಿನ ಮುಂದೆ ನಿಂತಿದ್ದಳು. ತೋಳಿನಲ್ಲಿ ಸುರುಳಿ ಸುತ್ತಿದ ಕೌದಿ... ಆನೆಮರಿಯಷ್ಟು ದಪ್ಪ. ಅದರ ಹಿಂದಿನಿಂದ ಎರಡು ಕಣ್ಣು ಮಾತ್ರ ಕಾಣುತ್ತಿದ್ದವು. ಆ ಕಣ್ಣುಗಳ ಬಿಸಿಗೆ ಅಕ್ಕಪಕ್ಕದ ನಾಲ್ಕು ಬೀದಿಯ ಇಸ್ತ್ರಿಪೆಟ್ಟಿಗೆಗಳೆಲ್ಲ ತಾವಾಗಿಯೇ ಕಾದುಬಿಟ್ಟವು.

“ಯಾಕೆ ಕೊಡಲ್ಲ?”

“ಕೊಡಲ್ಲ ಅಂದ್ರೆ ಕೊಡಲ್ಲ.”

“ಪುಕ್ಕಟೆ ಕೇಳ್ತಾ ಇಲ್ಲ ಕಣ್ರೀ!”

“ದುಡ್ಡಿನ ಮಾತಲ್ಲ.”

“ಮತ್ತೆ? ನನ್ನ ಮುಖ ನೋಡಿದ್ರೆ ಮಷೀನು ಓಡಿಸೋಕೆ ಬರಲ್ಲ ಅನ್ಸುತ್ತಾ?”

ಅವನು ಅವಳ ಮುಖ ನೋಡಿದ.

ನೋಡಬಾರದಿತ್ತು! ಮೂವತ್ನಾಲ್ಕು ವರ್ಷ ಬರೀ ಮಷೀನುಗಳ ಮುಖ ನೋಡಿ ಬೆಳೆದ ಗಂಡಸು ಅವನು. ಕೈಯಲ್ಲಿದ್ದ ಸ್ಕ್ರೂಡ್ರೈವರ್ ಜಾರಿ ಕಾಲಿನ ಮೇಲೆ ಬಿತ್ತು. ಬಿದ್ದದ್ದು ಅವನಿಗೆ ಗೊತ್ತಾದದ್ದು ಮರುದಿನ.

“ಏ ಎಣ್ಣೆಬುಡ್ಡಿ!” ಗಲ್ಲಾಪೆಟ್ಟಿಗೆಯ ಹಿಂದಿನಿಂದ ಅಂಗಡಿಯ ಒಡತಿ, ಅವನ ಚಿಕ್ಕಮ್ಮ, ಗುಡುಗಿದಳು. “ಮನೆಬಾಗಿಲಿಗೆ ಬಂದ ಗಿರಾಕಿಗೆ ಕೊಡಲ್ಲ ಅಂತೀಯಾ? ನಿನ್ನ ನಾಲಿಗೆಗೆ ಸ್ವಲ್ಪ ಎಣ್ಣೆ ಹಾಕೋ! ನೀವು ತಗೊಳ್ಳಮ್ಮಾ. ನಮ್ಮಂಗಡಿಯಲ್ಲಿ ಇದಕ್ಕಿಂತ ಒಳ್ಳೇ ಮಷೀನೇ ಇಲ್ಲ.”

ಅಂಗಿಯ ಜೇಬಿನಲ್ಲಿ ಸದಾ ಮಷೀನಿನ ಎಣ್ಣೆಬುಡ್ಡಿ ಇರುತ್ತಿದ್ದದ್ದರಿಂದ ಮೆಕ್ಯಾನಿಕ್‌ಗೆ ಆ ಹೆಸರು. ಬೇರೆ ಎಣ್ಣೆಗೂ ಅವನಿಗೂ ಸಂಬಂಧವಿಲ್ಲ, ನೀವು ಅಪಾರ್ಥ ಮಾಡಿಕೊಳ್ಳಬೇಡಿ.

“ಇದರಲ್ಲಿ ನೂರೆಂಬತ್ತು ಥರದ ಹೊಲಿಗೆ ಇದೆ ಮೇಡಂ,” ಅವನು ಹೊಳೆಯುವ ಬಿಳಿ ಮಷೀನಿನ ತಲೆ ತಟ್ಟಿ ಹೇಳಿದ. “ಹೂವು, ಬಳ್ಳಿ, ಬಾತುಕೋಳಿ. ನಿಮಗೆ ಬಾತುಕೋಳಿ ಬೇಕಾ?”

“...ಬೇಡ.”

“ಕೌದಿಗೆ ಬೇಕಾದ್ದು ಒಂದೇ ಹೊಲಿಗೆ, ನೆಟ್ಟಗೆ ಹೋಗೋದು. ಮತ್ತೆ ಜಾಗ. ಕೊಡಿ ಇಲ್ಲಿ.”

ಕೌದಿಯ ಸುರುಳಿಯನ್ನು ಮಷೀನಿನ ತೋಳಿನ ಕೆಳಗೆ ತೂರಿಸಿದ. ಹಾಲಿನ ಚೊಂಬಿಗೆ ತಲೆ ಹಾಕಿದ ಬೆಕ್ಕಿನಂತೆ ಅದು ಅರ್ಧಕ್ಕೇ ಸಿಕ್ಕಿಕೊಂಡಿತು. ಸೂಜಿಗೂ ಮಷೀನಿನ ಕಂಬಕ್ಕೂ ನಡುವೆ ಒಂದು ಗೇಣೂ ಇರಲಿಲ್ಲ.

“ನೋಡಿದ್ರಾ? ಅಂಚು ಹೊಲೀಬಹುದು. ನಡುಭಾಗಕ್ಕೆ ಬರೋ ಹೊತ್ತಿಗೆ ನೀವೂ ಅಳ್ತೀರಿ, ಮಷೀನೂ ಅಳುತ್ತೆ.”

ಅವಳ ಕೋಪ ಜರ್ರನೆ ಇಳಿಯಿತು. ಆದರೂ ಸೋತಂತೆ ಕಾಣಬಾರದಲ್ಲ!

“ಇದನ್ನ ಮೊದಲೇ ಮರ್ಯಾದೆಯಾಗಿ ಹೇಳೋಕೆ ಏನಾಗಿತ್ತು?”

“ಮರ್ಯಾದೆ ಡಿಪಾರ್ಟ್‌ಮೆಂಟ್ ಚಿಕ್ಕಮ್ಮಂದು. ನಂದು ರಿಪೇರಿ.”

ನಗಬಾರದು ಎಂದುಕೊಂಡಳು. ಕೌದಿಯಲ್ಲಿ ಮುಖ ಹುದುಗಿಸಿಕೊಂಡು ನಕ್ಕಳು.

*

ಅವಳನ್ನು ಅವಳ ಬೀದಿಯವರು ‘ಚಿಂದಿರಾಣಿ’ ಎನ್ನುತ್ತಿದ್ದರು. ಹಳೇ ಬಟ್ಟೆ ಕೊಟ್ಟರೆ ಸಾಕು, ತುಂಡು ತುಂಡು ಜೋಡಿಸಿ ಕೌದಿ ಮಾಡಿಕೊಡುವಳು. ಅವಳ ಕೌದಿ ಹೊದ್ದ ಒಬ್ಬ ನ್ಯಾಯಾಧೀಶರು ಮೂರು ದಿನ ಏಳಲೇ ಇಲ್ಲವಂತೆ, ಕೋರ್ಟಿಗೇ ರಜೆ ಕೊಡಬೇಕಾಯಿತಂತೆ! ಎಲ್ಲವೂ ಕೈಹೊಲಿಗೆ. “ಮಷೀನಲ್ಲಿ ಹೊಲಿದದ್ದು ಕೌದಿನೇ ಅಲ್ಲ” ಎಂದು ಕಂಡಕಂಡವರ ಮುಂದೆ ಹೇಳಿಕೊಂಡು ತಿರುಗಿದ್ದವಳು.

ಈಗ ಆ ಮಾತನ್ನು ನುಂಗಿಕೊಳ್ಳುವ ಸರದಿ.

“ಹೆಬ್ಬೆರಳಿನ ಬುಡ ಸವೆದುಹೋಗಿದೆ ಕಣಮ್ಮಾ,” ಎಂದಿದ್ದರು ಡಾಕ್ಟರು. “ಇನ್ಮೇಲೆ ಸೂಜಿ ಒತ್ತಬೇಡ. ಹಟ ಮಾಡಿದ್ರೆ ನಾಳೆ ಲೋಟ ಎತ್ತೋಕೂ ಆಗಲ್ಲ.”

ಆ ದಿನ ಅವಳು ಅಳಲಿಲ್ಲ. ಮನೆಗೆ ಬಂದು ಕಪಾಟು ತೆರೆದಳು. ಆಗ ಅತ್ತಳು.

ಕಪಾಟಿನಲ್ಲಿ ಅಮ್ಮ ಅರ್ಧಕ್ಕೆ ಬಿಟ್ಟ ಕೌದಿ ಇತ್ತು.

ಅಪ್ಪನಿಗಾಗಿ ಅಮ್ಮ ಹೊಲಿಯುತ್ತಿದ್ದ ಕೌದಿ ಅದು. ಅಪ್ಪನ ಗೆರೆ ಶರ್ಟು, ಇವಳ ಶಾಲೆಯ ಯೂನಿಫಾರ್ಮು, ಹಳೇ ಕಿಟಕಿ ಪರದೆ, ಅಮ್ಮನದೇ ಹೂವಿನ ಗೌನು... ಒಂದು ಸಂಸಾರವೇ ತುಂಡು ತುಂಡಾಗಿ ಅದರಲ್ಲಿ ಕೂತಿತ್ತು. ಅರ್ಧ ಹೊಲಿಯುವಷ್ಟರಲ್ಲಿ ಕಾಯಿಲೆ ಬಂತು. ಅಮ್ಮ ಹೋಗಿ ಒಂದು ವರ್ಷವಾಗಿತ್ತು.

ಅಪ್ಪ ನಿವೃತ್ತ ರೈಲ್ವೆ ಗಾರ್ಡು. ಹಟದಲ್ಲಿ ಗೂಡ್ಸ್ ರೈಲು. ಒಮ್ಮೆ ನಿಂತರೆ ಜಪ್ಪಯ್ಯ ಎಂದರೂ ಕದಲದು.

“ಬೇರೆ ಕೌದಿ ಕೊಡ್ತೀನಪ್ಪಾ, ಹೊದ್ಕೋ.”

“ಬೇಡ.”

“ರಜಾಯಿ ತರ್ಲಾ?”

“ಬೇಡ. ಅವಳು ನನಗೆ ಅಂತ ಹೊಲೀತಿದ್ದದ್ದು ಅದೊಂದೇ. ಆದ್ರೆ ಅದು. ಇಲ್ಲಾಂದ್ರೆ ಏನೂ ಬೇಡ.”

ಒಂದು ವರ್ಷದಿಂದ ಅಪ್ಪ ಎರಡು ಸ್ವೆಟರು, ಒಂದು ಕೋಟು, ಕಿವಿ ಮುಚ್ಚುವ ಟೋಪಿ ಹಾಕಿಕೊಂಡೇ ಮಲಗುತ್ತಿದ್ದ. ಹಿಮಾಲಯ ಹತ್ತುವವರೂ ಅಷ್ಟು ಬಟ್ಟೆ ಹಾಕುವುದಿಲ್ಲ. ಆದರೂ ನಡುಗುತ್ತಿದ್ದ. ಗೋಡೆಯಾಚೆ ಮಂಚ ಕಿರುಗುಟ್ಟುವುದು ಅವಳಿಗೆ ಕೇಳುತ್ತಿತ್ತು.

‘ನನಗೇನೂ ಬೇಡ... ಇದನ್ನೊಂದು ಮುಗಿಸಿಕೊಡೋ ಮಷೀನು ಸಿಕ್ಕರೆ ಸಾಕು.’

ಅದಕ್ಕೇ ಕೌದಿ ಹೊತ್ತು ಅಂಗಡಿಗೆ ಬಂದಿದ್ದಳು. ಆದರೆ ಇದಾವುದನ್ನೂ ಅಂಗಡಿಯಲ್ಲಿ ಹೇಳಲಿಲ್ಲ. ‘ಅಮ್ಮ’ ಎಂಬ ಶಬ್ದ ಬಾಯಿಗೆ ಬಂದರೆ ಸಾಕು, ಗಂಟಲು ಕಟ್ಟುತ್ತಿತ್ತು. ಗೊತ್ತಿಲ್ಲದ ಗಂಡಸಿನ ಮುಂದೆ, ಅದೂ ಎಣ್ಣೆ ಜಿಡ್ಡಿನ ಕೌಂಟರಿಗೆ ಆನಿಕೊಂಡು ಅಳುವುದೇ? ಛೆ!

*

ಮುಂದಿನ ಹದಿನೈದು ದಿನಗಳಲ್ಲಿ ಅವಳು ನೋಡಿದ್ದು ಹನ್ನೊಂದು ಮಷೀನು. ಲೋಕದಲ್ಲಿ ಗಂಡು ನೋಡುವುದಕ್ಕೂ ಯಾರೂ ಇಷ್ಟು ಪರೀಕ್ಷೆ ಮಾಡಿದ್ದಿಲ್ಲ!

ಒಂದನೆಯದು ಮೂರು ಪದರ ಬಟ್ಟೆ ಕಂಡೊಡನೆ ಕೆಮ್ಮಿ ನಿಂತಿತು. ಎರಡನೆಯದು ಚಿರತೆಯಂತೆ ಓಡಿತು, ಆದರೆ ಕೆಳಗಿನ ಬಟ್ಟೆಯನ್ನು ಮುಂದೆ ಎಳೆದು ಮೇಲಿನದನ್ನು ಹಿಂದೆಯೇ ಬಿಟ್ಟಿತು. ನಾಲ್ಕನೆಯದರ ಸದ್ದಿಗೆ ಮೇಲಿನ ಮಹಡಿಯ ಬಾಡಿಗೆದಾರರು ಭೂಕಂಪವೆಂದು ಬೀದಿಗೆ ಬಂದರು. ಏಳನೆಯದು ಪ್ರತಿ ಹತ್ತು ಹೊಲಿಗೆಗೊಮ್ಮೆ ದಾರ ತುಂಡರಿಸುತ್ತಿತ್ತು.

“ಇದಕ್ಕೆ ಟೆನ್ಷನ್ ಜಾಸ್ತಿಯಾಗಿದೆ,” ಎಂದ ಅವನು, ದಾರದ ತಿರುಗಣೆ ಸಡಿಲಿಸುತ್ತ.

“ಅದಕ್ಕೊಂದೇನಾ?”

“ನನಗೂ ಇದೆ. ಆದ್ರೆ ನನ್ನ ಸ್ಕ್ರೂ ಎಲ್ಲಿದೆ ಅಂತ ಚಿಕ್ಕಮ್ಮಂಗೆ ಮಾತ್ರ ಗೊತ್ತು.”

“ಗೊತ್ತಿದ್ದೇ ದಿನಾ ತಿರುವ್ತಾ ಇದೀನಿ,” ಎಂದಳು ಚಿಕ್ಕಮ್ಮ, ತಲೆಯೆತ್ತದೆ. “ಅಮ್ಮಾ ಚಿಂದಿರಾಣಿ, ನೀನು ಮಷೀನು ತಗೊಳ್ಳೋಕೆ ಬರ್ತೀಯೋ, ಇವನ ತಲೆ ಕೆಡಿಸೋಕೆ ಬರ್ತೀಯೋ? ನೀನು ಬಂದು ಹೋದ ಮೇಲೆ ಇವನು ಮಷೀನಿಗೆ ಹಾಕೋ ಎಣ್ಣೆನ ಟೀಗೆ ಹಾಕ್ತಾನೆ.”

ಅವಳು ಕೆಂಪಾದಳು. ಅವನು ಅದಕ್ಕಿಂತ ಕೆಂಪಾದ. ಎದುರಿನ ರಸ್ತೆಯ ಸಿಗ್ನಲ್ಲು ನಾಚಿ ಹಸಿರಾಯಿತು.

ಒಂಬತ್ತನೆಯ ಮಷೀನಿನ ದಿನ ಒಂದು ಸಂಗತಿ ನಡೆಯಿತು. ಬಟ್ಟೆಯನ್ನು ಒತ್ತಿ ಹಿಡಿಯುವ ಪಾದವನ್ನು ಎತ್ತಲು ಹಿಂಬದಿಯ ಲಿವರನ್ನು ಅವಳು ಹೆಬ್ಬೆರಳಿನಿಂದ ತಳ್ಳಿದಳು. ನೋವು ಮೊಣಕೈವರೆಗೆ ಮಿಂಚಿತು. ತುಟಿ ಕಚ್ಚಿಕೊಂಡಳು. ಯಾರಿಗೂ ಕಾಣಲಿಲ್ಲ ಎಂದುಕೊಂಡಳು.

ಅವನು ಮಷೀನಿನ ಮೇಲೆ ಬಟ್ಟೆ ಮುಚ್ಚಿ, “ಇದು ಬೇಡ,” ಎಂದ.

“ಯಾಕೆ? ಚೆನ್ನಾಗೇ ಹೊಲೀತಿದೆ.”

“ಹೊಲಿಯುತ್ತೆ. ಆದ್ರೆ ನಿಮಗೆ ನೋವು ಕೊಡುತ್ತೆ.”

ಅಷ್ಟೇ. ಅಷ್ಟೇ ಮಾತು! ಒಂದು ವರ್ಷದಿಂದ ‘ನಿನಗೆ ನೋವಾಗುತ್ತಾ’ ಎಂದು ಯಾರೂ ಕೇಳಿರಲಿಲ್ಲ. ಇವನಂತೂ ಕೇಳುವುದನ್ನೂ ಬಿಟ್ಟು ನೇರ ಉತ್ತರಕ್ಕೇ ಹೋಗಿದ್ದ. ಅವಳ ಎದೆಯಲ್ಲಿ ಏನೋ ಒಂದು... ಬಾಬಿನ್‌ನಿಂದ ದಾರ ಬಿಟ್ಟುಕೊಂಡ ಹಾಗೆ... ಸರಸರನೆ ಸಡಿಲವಾಯಿತು.

ಹನ್ನೊಂದನೆಯ ಮಷೀನು ಅಂಗಡಿಯ ಹಿಂದಿನ ಕೋಣೆಯಲ್ಲಿತ್ತು. ಮುಚ್ಚಿಹೋದ ಪರದೆ ಕಾರ್ಖಾನೆಯೊಂದರಿಂದ ಬಂದ ಹಳೇ ಕಪ್ಪು ಮಷೀನು. ಬಣ್ಣ ಕಿತ್ತುಹೋಗಿತ್ತು. ಅದರ ಮೇಲಿದ್ದ ಧೂಳಿನಲ್ಲಿ ಒಂದು ಎಕರೆ ಜೋಳ ಬೆಳೆಯಬಹುದಿತ್ತು. ಆದರೆ ತೋಳು? ಓಹ್! ಎರಡು ಗೇಣು ಉದ್ದ. ಕೌದಿಯ ಸುರುಳಿ ಮಾವನ ಮನೆಗೆ ಬಂದ ಅಳಿಯನಂತೆ ಆರಾಮಾಗಿ ಒಳಗೆ ಹೋಗಿ ಒರಗಿಕೊಂಡಿತು.

“ಒಂದೇ ಹೊಲಿಗೆ. ಹೂವಿಲ್ಲ, ಬಾತುಕೋಳಿ ಇಲ್ಲ,” ಎಂದ ಅವನು. “ಮತ್ತೆ ಇಲ್ನೋಡಿ, ಪಾದ ಎತ್ತೋಕೆ ಕೈ ಬೇಕಿಲ್ಲ. ಮೊಣಕಾಲಿಂದ ಈ ಲಿವರ್ ತಳ್ಳಿದ್ರೆ ಸಾಕು.”

ಅವಳು ತಳ್ಳಿದಳು. ಪಾದ ಮೇಲೆದ್ದಿತು. ಬೆರಳು ನೋಯಲಿಲ್ಲ.

“ಇದೇ,” ಎಂದಳು. ಧ್ವನಿ ಒದ್ದೆಯಾಗಿತ್ತು.

“ಮೂರು ದಿನ ಕೊಡಿ, ಬಿಚ್ಚಿ ತೊಳೆದು ಸರಿಮಾಡ್ತೀನಿ. ಕೌದಿ ಇಲ್ಲೇ ಬಿಟ್ಟುಹೋಗ್ತೀರಾ? ಅದರ ದಪ್ಪಕ್ಕೇ ಸೆಟ್ ಮಾಡ್ಬೇಕು. ಚಿಂದಿ ಮೇಲೆ ನೋಡಿದ್ರೆ ಗೊತ್ತಾಗಲ್ಲ.”

ಕೌದಿಯನ್ನು ಎದೆಗವಚಿಕೊಂಡಳು. ಒಂದು ವರ್ಷ ಅದನ್ನು ಯಾರ ಕೈಗೂ ಕೊಟ್ಟವಳಲ್ಲ. ಅವನ ಮುಖ ನೋಡಿದಳು.

ಕೊಟ್ಟಳು.

“ಎಲ್ಲಿ ಹೊಲಿದು ನೋಡ್ಲಿ?”

“ಕೊನೇ ಸಾಲು ಇದ್ಯಲ್ಲ... ಅಲ್ಲಿ.”

‘ಅದರ ಪಕ್ಕ’ ಎಂದು ಹೇಳಬೇಕಿತ್ತು. ‘ಆ ಕೊನೇ ಸಾಲು ನಮ್ಮಮ್ಮಂದು’ ಎಂದಂತೂ ಹೇಳಲೇಬೇಕಿತ್ತು. ಗಂಟಲು ಕಟ್ಟಿತು. ಬೇಗ ಬೇಗ ಮೆಟ್ಟಿಲಿಳಿದು ಹೋಗಿಬಿಟ್ಟಳು.

*

ಮೂರನೆಯ ದಿನ ಮಧ್ಯಾಹ್ನಕ್ಕೆ ಮಷೀನು ಸಿದ್ಧವಾಯಿತು. ಹೊಳಪು ಎಂದರೆ ಹೊಳಪು! ಅದರಲ್ಲಿ ಮುಖ ನೋಡಿಕೊಂಡು ಅವನು ಗಡ್ಡ ಬೋಳಿಸಿಕೊಂಡ.

ಮೇಜಿನ ಮೇಲೆ ಕೌದಿ ಹರಡಿ ಕೊನೆಯ ಸಾಲು ಹುಡುಕಿದ.

ಆರಂಭದ ಸಾಲುಗಳು ಗೀಟು ಎಳೆದಂತೆ ನೇರ. ಬರುಬರುತ್ತ ಸ್ವಲ್ಪ ಅಲುಗಾಟ. ಕೊನೆಯ ಸಾಲಂತೂ... ಒಂದು ಹೊಲಿಗೆ ಉದ್ದ, ಒಂದು ಗಿಡ್ಡ, ಒಂದು ಎಡಕ್ಕೆ, ಒಂದು ಬಲಕ್ಕೆ. ಕೊನೆಗೆ ಸಾಲು ಮುಗಿಯದೇ ನಡುವೆಯೇ ನಿಂತಿತ್ತು.

ಅವನು ಇನ್ನಷ್ಟು ಬಗ್ಗಿ ನೋಡಿದ.

ಮೆಕ್ಯಾನಿಕ್ ಕಣ್ಣಿಗೆ ಸೊಟ್ಟ ಹೊಲಿಗೆ ಎಂದರೆ ಕಾಯಿಲೆ. ಹೊಲಿಗೆ ತಪ್ಪಿದರೆ ಎಲ್ಲೋ ಒಂದು ಭಾಗ ನೋಯುತ್ತಿದೆ ಎಂದೇ ಅರ್ಥ. ‘ಅಯ್ಯೋ... ಆ ಹೆಬ್ಬೆರಳಲ್ಲಿ ಎಷ್ಟು ನೋವು ತಿಂದು ಇದನ್ನ ಹೊಲಿದಿದ್ದಾಳೋ. ಆಗದೇ ಬಿಟ್ಟಿದ್ದಾಳೆ. ನೋಡಿದಾಗೆಲ್ಲ ಅವಮಾನ ಆಗ್ತಿರುತ್ತೆ. ಅದಕ್ಕೇ ಇಲ್ಲೇ ಹೊಲಿಯಿರಿ ಅಂತ ಹೇಳಿ, ಮುಖ ತಿರುಗಿಸಿಕೊಂಡು ಓಡಿದ್ದು!’

ಬ್ಲೇಡು ತೆಗೆದುಕೊಂಡ. ಒಂದೊಂದೇ ಹೊಲಿಗೆ ಬಿಚ್ಚಿದ, ಗಾಯದ ಪಟ್ಟಿ ಬಿಚ್ಚುವಷ್ಟು ಹುಷಾರಾಗಿ. ಆಮೇಲೆ ಮಷೀನಿಗೆ ಕೂತು ಅದೇ ಜಾಗದಲ್ಲಿ ಒಂದು ಸಾಲು ಹೊಲಿದ.

ಅಂಥ ನೇರ ಸಾಲನ್ನು ಭೂಮಿಯ ಮೇಲೆ ಯಾರೂ ಹೊಲಿದಿರಲಿಲ್ಲ, ಇನ್ನು ಹೊಲಿಯುವುದೂ ಇಲ್ಲ. ಬೆಳಕು ಕೂಡ ಅದರ ಪಕ್ಕ ಸೊಟ್ಟಗೆ ಕಾಣುತ್ತಿತ್ತು.

ಸಂಜೆ ಅವಳು ಬಂದಳು. ಅವನು ಪರೀಕ್ಷೆಯಲ್ಲಿ ಮೊದಲ ಸ್ಥಾನ ಬಂದ ಹುಡುಗನಂತೆ ಕೌದಿ ಬಿಡಿಸಿ ತೋರಿಸಿದ.

“ನೋಡಿ!”

ನೋಡಿದಳು.

ಬೆರಳು ಆ ಸಾಲಿನ ಮೇಲೆ ಓಡಿತು. ಮತ್ತೆ ಹಿಂದಕ್ಕೆ ಓಡಿತು. ಹುಡುಕಿತು.

“ಇಲ್ಲಿತ್ತಲ್ಲ... ಇಲ್ಲೊಂದು ಸಾಲಿತ್ತಲ್ಲ...”

“ಬಿಚ್ಚಿಬಿಟ್ಟೆ. ಸೊಟ್ಟ ಇತ್ತಲ್ವಾ? ನಿಮಗೆ ನೋವಾಗೋದು ಬೇಡ ಅಂತ ನಾನೇ...”

“ಬಿಚ್ಚಿಬಿಟ್ರಾ?”

ಅವಳ ಮುಖದಿಂದ ರಕ್ತವೇ ಇಳಿದುಹೋಯಿತು.

“ಅದು ನನ್ನದಲ್ಲ. ಅದು... ನಮ್ಮಮ್ಮನ ಕೈ! ಆಸ್ಪತ್ರೆಗೆ ಹೋಗೋ ದಿನ ಬೆಳಿಗ್ಗೆ ಹೊಲಿದದ್ದು. ಕೈ ನಡುಗ್ತಿತ್ತು. ‘ಬಂದು ಮುಗಿಸ್ತೀನಿ’ ಅಂದ್ರು. ಬರಲಿಲ್ಲ.”

ಅಂಗಡಿ ನಿಜವಾಗಿಯೂ ಸ್ತಬ್ಧವಾಯಿತು. ಇದರಲ್ಲಿ ಉತ್ಪ್ರೇಕ್ಷೆಯಿಲ್ಲ.

“ನನಗೆ... ನನಗೆ ಗೊತ್ತಿರಲಿಲ್ಲ,” ಎಂದ ಅವನು.

“ಆ ದಾರ? ದಾರನಾದ್ರೂ ಎಲ್ಲಿ?”

ಅವನು ಚಿಕ್ಕಮ್ಮನತ್ತ ನೋಡಿದ. ಚಿಕ್ಕಮ್ಮ ಕೈಯಲ್ಲಿದ್ದ ಪೊರಕೆಯನ್ನು ನೋಡಿದಳು. ಮಧ್ಯಾಹ್ನವೇ ಗುಡಿಸಿ ಬೀದಿಯ ಕಸದ ಗಾಡಿಗೆ ಹಾಕಿಯಾಗಿತ್ತು.

“ಒಂದು ಮಾತು ಕೇಳಬಹುದಿತ್ತಲ್ಲ ನನ್ನ!” ಅವಳು ಕೌದಿಯನ್ನು ಬಾಚಿಕೊಂಡಳು. “ಒಂದೇ ಒಂದು ಮಾತು...”

‘ನಾನೂ ಹೇಳಬಹುದಿತ್ತು. ಹೇಳಲಿಲ್ಲ. ನಂಬಿ ಕೊಟ್ಟೆ...’ ಬಸ್ಸಿನಲ್ಲಿ ಅವಳು ಅತ್ತ ಅಳುವಿಗೆ ಕಂಡಕ್ಟರು ಟಿಕೆಟ್ ಕೇಳುವುದನ್ನೇ ಮರೆತ.

ಮಷೀನು ಅಂಗಡಿಯಲ್ಲೇ ಉಳಿಯಿತು.

*

ಒಂದು ವಾರ ಅವಳು ಕಪಾಟು ತೆರೆಯಲಿಲ್ಲ. ಅಪ್ಪನಿಗೆ ವಿಷಯ ಹೇಳಿದಳು. ಅಪ್ಪ ಇನ್ನೊಂದು ಸ್ವೆಟರು ಹಾಕಿಕೊಂಡ. ಬೈದಿದ್ದರೆ ಚೆನ್ನಾಗಿತ್ತು.

ಇತ್ತ ಎಣ್ಣೆಬುಡ್ಡಿಯ ಸ್ಥಿತಿ ಕೇಳಬೇಡಿ. ಊಟ ಬಿಟ್ಟ. ಮಷೀನುಗಳು ಕೆಟ್ಟವು, ಅವನು ಮುಟ್ಟಿದ್ದು ಕೆಟ್ಟಿತು, ಮುಟ್ಟದ್ದೂ ಕೆಟ್ಟಿತು.

“ಹೋಗಿ ಕಾಲಿಗೆ ಬೀಳೋ,” ಎಂದಳು ಚಿಕ್ಕಮ್ಮ. ಗದರಿಕೆಯ ಕೆಳಗೆ ಕರುಳಿತ್ತು.

“ಕಾಲಿಗೆ ಬಿದ್ರೆ ಹೊಲಿಗೆ ವಾಪಸ್ ಬರುತ್ತಾ ಚಿಕ್ಕಮ್ಮಾ?”

“ಮತ್ತೇನು, ಕೂತು ಆ ಪ್ಯಾಂಟನ್ನೇ ನೋಡ್ತೀಯಾ?”

ಅವನ ಕೈಯಲ್ಲಿ ಯಾರೋ ದರ್ಜಿ ರಿಪೇರಿ ಮಷೀನಿನ ಜೊತೆ ಬಿಟ್ಟುಹೋದ, ಸಡಿಲ ಮಾಡಲು ಬಿಚ್ಚಿದ ಪ್ಯಾಂಟಿತ್ತು. ಹಳೇ ಹೊಲಿಗೆ ಬಿಚ್ಚಿದ ಜಾಗದಲ್ಲಿ ಸಣ್ಣ ಸಣ್ಣ ಚುಕ್ಕಿ. ದಾರ ಹೋಗಿತ್ತು, ಸೂಜಿ ಹೋದ ತೂತು ಹಾಗೇ ಇತ್ತು.

ಅವನು ದಿಗ್ಗನೆ ಎದ್ದ. ಸ್ಟೂಲು ಬಿತ್ತು, ಪ್ಯಾಂಟು ಬಿತ್ತು, ಚಿಕ್ಕಮ್ಮನ ಚಹಾ ಬಿತ್ತು.

“ಎಲ್ಲಿಗೋ?”

“ತೂತು ನೋಡೋಕೆ!”

“ಹುಚ್ಚು ಹಿಡೀತು,” ಎಂದು ಚಿಕ್ಕಮ್ಮ ನಿಟ್ಟುಸಿರಿಟ್ಟು ಬಿಲ್ ಪುಸ್ತಕದಲ್ಲಿ ವಿಳಾಸ ಹುಡುಕಿಕೊಟ್ಟಳು.

ಅದೇ ಬೆಳಿಗ್ಗೆ ಅವಳ ಮನೆಯ ಬಾಗಿಲು ತೆರೆದದ್ದು ಅಪ್ಪ. ಮೂರು ಸ್ವೆಟರಿನೊಳಗಿಂದ ಆಗಂತುಕನನ್ನು ಅಳೆದ.

“ನೀನೇನಾ ಬಿಚ್ಚಿದವನು?”

“ಹೌದು ಸಾರ್.”

“ಮುಖ ನೋಡಿದ್ರೆ ಕಳ್ಳನ ಥರ ಇಲ್ಲ.”

“ದಡ್ಡನ ಥರ ಇದೆ ಸಾರ್. ಎಲ್ಲರೂ ಹೇಳ್ತಾರೆ.”

ಅಪ್ಪ ಪಕ್ಕಕ್ಕೆ ಸರಿದ.

ಒಳಗೆ ಅವಳು ಎದ್ದು ನಿಂತಳು. ಕಣ್ಣು ಊದಿದ್ದವು. “ಯಾಕೆ ಬಂದ್ರಿ?”

“ಕೌದಿ ತೊಳೆದ್ರಾ?”

“ಏನು?”

“ತೊಳೆದ್ರಾ? ಇಸ್ತ್ರಿ ಮಾಡಿದ್ರಾ? ನೀರು ತಾಗಿಸಿದ್ರಾ? ಬೇಗ ಹೇಳಿ!”

“ಇಲ್ಲ... ಮುಟ್ಟೇ ಇಲ್ಲ.”

“ಸದ್ಯ!” ಅವನು ಗೋಡೆ ಹಿಡಿದುಕೊಂಡ. “ಮೇಡಂ, ನಾನು ದಾರ ಬಿಚ್ಚಿದೆ. ತೂತು ಬಿಚ್ಚೋಕೆ ಆಗಲ್ಲ. ನಿಮ್ಮಮ್ಮ ದಪ್ಪ ಸೂಜೀಲಿ ಹೊಲಿದಿದ್ದಾರೆ. ನೀರು ಬಿದ್ರೆ ಮುಚ್ಚಿಕೊಳ್ಳುತ್ತೆ, ಅಲ್ಲೀವರೆಗೂ ಇರುತ್ತೆ. ಅವರು ಎಲ್ಲೆಲ್ಲಿ ಸೂಜಿ ಇಟ್ರೋ ಆ ಜಾಗ ಎಲ್ಲಾ ಹಾಗೇ ಇರುತ್ತೆ.”

ಅವಳು ಓಡಿಹೋಗಿ ಕೌದಿ ತಂದಳು.

ಅವನು ಮೊದಲು ತನ್ನ ಸಾಲನ್ನು, ಲೋಕದ ಅತ್ಯಂತ ನೇರ ಸಾಲನ್ನು, ತಾನೇ ಬಿಚ್ಚಿದ. ಆ ಸಾಲಿನಿಂದಾಚೆ ಕೌದಿ ಇನ್ನೂ ಹೊಲಿಯದೆ ತೆರೆದುಕೊಂಡಿತ್ತು. ಆ ಬದಿಯಿಂದ ಮೇಲಿನ ಬಟ್ಟೆಯ ಕೆಳಗೆ ಒಂದು ಟಾರ್ಚ್ ತೂರಿಸಿದ. ಅಪ್ಪ ಪರದೆ ಎಳೆದ.

ಟಾರ್ಚ್ ಹೊತ್ತಿತು.

ಬಟ್ಟೆಯ ಮೇಲೆ ಬೆಳಕಿನ ಚುಕ್ಕಿಗಳು ಮೂಡಿದವು. ಮಷೀನಿನವು ಸಾಸಿವೆಗಿಂತ ಸಣ್ಣ, ಸಾಲಾಗಿ. ಅವುಗಳ ಆಚೆ ಈಚೆ ದೊಡ್ಡ ಚುಕ್ಕಿಗಳು... ಒಂದು ಎಡಕ್ಕೆ, ಒಂದು ಬಲಕ್ಕೆ, ಒಂದು ಹತ್ತಿರ, ಒಂದು ದೂರ...

“ಅಮ್ಮ,” ಎಂದಳು ಅವಳು. ಈ ಸಲ ಗಂಟಲು ಕಟ್ಟಲಿಲ್ಲ.

ಸೂಜಿ ತೆಗೆದುಕೊಂಡಳು. ಮೊದಲ ತೂತಿಗೆ ಇಟ್ಟು ಒತ್ತಿದಳು. ಹೆಬ್ಬೆರಳು ಬೆಂಕಿಯಾಯಿತು. ಸೂಜಿ ಬಿತ್ತು.

“ನಾನು ಹಾಕ್ಲಾ?” ಎಂದ ಅವನು. “ನೀವು ತೋರ್ಸಿ. ನೀವು ತೋರಿಸಿದ ಕಡೆ ಮಾತ್ರ.”

“ಕೈಹೊಲಿಗೆ ಬರುತ್ತಾ?”

“ಗುಂಡಿ ಹಚ್ಚೋಕೂ ಬರಲ್ಲ.”

ಮೊದಲ ಹತ್ತು ನಿಮಿಷದಲ್ಲಿ ಅವನು ಬೆರಳಿಗೆ ಚುಚ್ಚಿಕೊಂಡದ್ದು ನಲವತ್ತು ಸಾವಿರ ಸಲ. ಅವಳು ಚುಕ್ಕಿ ತೋರಿಸುವಳು. ಅವನು ಉಸಿರು ಬಿಗಿಹಿಡಿದು ಸೂಜಿ ಇಳಿಸುವನು. “ಅದಲ್ಲ, ಅದು ನಿಮ್ಮ ಮಷೀನಿಂದು. ಈ ಕಡೆ... ಹ್ಞಾಂ.” ತಲೆಗೆ ತಲೆ ತಾಗುತ್ತಿತ್ತು. ಇಬ್ಬರೂ ಸರಿಯಲಿಲ್ಲ.

“ಇಲ್ಲೇನು, ಎರಡು ದೊಡ್ಡ ತೂತಿದೆ?” ಎಂದ ಅವನು.

ಅಷ್ಟು ಹೊತ್ತು ಕುರ್ಚಿಯಲ್ಲಿ ಬಿಮ್ಮನೆ ಕೂತಿದ್ದ ಅಪ್ಪ ಬಗ್ಗಿ ನೋಡಿದ. ಒಂದು ವರ್ಷದಲ್ಲಿ ಮೊದಲ ಸಲ ಆ ಕೌದಿಯ ಹತ್ತಿರ ಬಂದಿದ್ದ.

“ಅಲ್ಲಿ ಸೂಜಿ ಬಾಗಿಸ್ಕೊಂಡಳು. ಬಾಗಿದ್ದರಲ್ಲೇ ಹಟಕ್ಕೆ ಹೊಲಿದಳು. ಸಾಕು ಬಿಡೇ ಅಂದೆ. ‘ನಿಮ್ಮ ಹಸಿರು ಬಾವುಟ ನೀವು ನೋಡ್ಕೊಳ್ಳಿ, ನನ್ನ ಸೂಜಿ ನಾನು ನೋಡ್ಕೋತೀನಿ’ ಅಂದಳು.” ಅಪ್ಪ ನಕ್ಕ. ನಗುತ್ತ ನಗುತ್ತ ಟೋಪಿಯಿಂದ ಕಣ್ಣು ಒರೆಸಿಕೊಂಡ. “ಈ ಉದ್ದದ್ದು ಇದ್ಯಲ್ಲ, ಅಲ್ಲಿ ಆಟೋ ಬಂತು, ಹೊರಡು ಅಂತ ಕೂಗಿದೆ. ಕೂಗಬಾರದಿತ್ತು.”

“ಅಪ್ಪಾ...”

“ಹೊಲೀರಿ, ಹೊಲೀರಿ. ನಾನು ಕಾಫಿ ಇಡ್ತೀನಿ.”

ಅಡುಗೆಮನೆಯಲ್ಲಿ ಅಪ್ಪ ಮೂಗು ಸೀನಿದ ಸದ್ದು ರೈಲಿನ ಸೀಟಿಯಂತೆ ಕೇಳಿಸಿತು.

ಮಧ್ಯಾಹ್ನದ ಹೊತ್ತಿಗೆ ಸಾಲು ಮುಗಿಯುತ್ತ ಬಂತು. ಎಡಕ್ಕೆ, ಬಲಕ್ಕೆ, ಉದ್ದ, ಗಿಡ್ಡ... ಅಮ್ಮನ ಕೈ ನಡುಗಿದಂತೆಯೇ ನಡುಗುತ್ತ ದಾರ ಮತ್ತೆ ಬಟ್ಟೆಯ ಮೇಲೆ ಮಲಗಿತ್ತು. ಕೊನೆಯ ಚುಕ್ಕಿ ತೋರಿಸಿದ ಅವಳು ಸಾಲಿನ ಮೊದಲಿನಿಂದ ಅದರ ಮೇಲೆ ಬೆರಳಾಡಿಸುತ್ತ ಬಂದಳು. ಗುರುತು ಹಿಡಿಯುತ್ತ ಬಂದಳು. ತುದಿಯಲ್ಲಿ ಬೆರಳು ನಿಂತಿತು.

“ಇದೇನು? ಅಮ್ಮ ಇಲ್ಲಿಗೇ ನಿಲ್ಸಿದ್ರು. ಇಲ್ಲಿಂದಾಚೆ ಅವರ ತೂತಿಲ್ವಲ್ಲ.”

ಅಲ್ಲಿ ಮೂರು ಹೊಲಿಗೆ ಹೆಚ್ಚಿಗೆ ಇದ್ದವು. ಅಷ್ಟಾವಕ್ರ! ಕುಡಿದ ಇರುವೆ ನಡೆದಂತೆ.

ಅವನು ತಲೆ ತಗ್ಗಿಸಿದ.

“ಗೊತ್ತು. ನಿಲ್ಸೋಕೆ ಮನಸ್ಸಾಗಲಿಲ್ಲ. ನಿಲ್ಸಿದ್ರೆ... ಎದ್ದು ಹೋಗಬೇಕಲ್ಲ.”

ಅವಳು ಆ ಮೂರು ಹೊಲಿಗೆಯ ಮೇಲೆ ಮತ್ತೆ ಬೆರಳಾಡಿಸಿದಳು.

“ತಪ್ಪಾಯ್ತು. ಬಿಚ್ಚಿಬಿಡ್ತೀನಿ.” ಬ್ಲೇಡಿಗೆ ಕೈ ಹಾಕಿದ.

ಅವಳ ಕೈ ಅವನ ಮಣಿಕಟ್ಟಿನ ಮೇಲೆ ಬಿತ್ತು. ನೋಯುವ ಹೆಬ್ಬೆರಳೇ. ಆದರೂ ಬಿಗಿಯಾಗಿ.

“ಬ್ಲೇಡು ಕೆಳಗಿಡು.”

‘ಇಡು!’ ‘ಇಡಿ’ ಅಲ್ಲ, ‘ಇಡು’! ಹನ್ನೊಂದು ಮಷೀನು ನೋಡುವಾಗಲೂ ಬಾರದ ಏಕವಚನ! ಅವನ ಕಿವಿಯಲ್ಲಿ ಬ್ಯಾಂಡ್‌ಸೆಟ್ಟು ಶುರುವಾಯಿತು.

“ತುಂಬಾ ಸೊಟ್ಟ ಇದೆ...”

“ಹೌದು. ತುಂಬಾ ಸೊಟ್ಟ.” ಅವಳ ಕಣ್ಣು ತುಂಬಿತ್ತು. “ಅಮ್ಮ ನಿಲ್ಸಿದ ಕಡೆಯಿಂದ ಯಾರಾದ್ರೂ ಶುರು ಮಾಡ್ಲೇಬೇಕಿತ್ತು. ಒಂದು ವರ್ಷದಿಂದ ನನ್ನ ಕೈಲಿ ಆಗಿರಲಿಲ್ಲ. ಬರೀ ಬೆರಳು ಅಂದ್ಕೊಂಡಿದ್ದೆ. ಬೆರಳಲ್ಲ... ಅವರು ಬಿಟ್ಟ ಜಾಗ ದಾಟೋಕೆ ಭಯ. ನೀನು ದಾಟಿಸಿದೆ.”

“ಕೇಳ್ದೆ ದಾಟಿಸಿದೆ. ಮತ್ತೆ ಅದೇ ತಪ್ಪು.”

“ಮತ್ತೆ ಅದೇ ತಪ್ಪು,” ಎಂದಳು ಕಣ್ಣೀರಿನಲ್ಲೇ ನಗುತ್ತ. “ಮಷೀನು ನಾಳೆ ತಗೊಂಡ್ಬಾ. ಉಳಿದದ್ದು ಅದರಲ್ಲೇ ಹೊಲಿದು ಅಪ್ಪಂಗೆ ಹೊದಿಸ್ತೀನಿ. ಈ ಮೂರು ಹೊಲಿಗೆ ಮಾತ್ರ ಇಲ್ಲೇ ಇರುತ್ತೆ. ಆದ್ರೆ ಇನ್ಮೇಲೆ ಏನೇ ಮಾಡಿದ್ರೂ ಮೊದಲು ನನ್ನ ಕೇಳಬೇಕು. ನಾನೂ ಬಾಯಿ ಬಿಟ್ಟು ಹೇಳ್ತೀನಿ.”

“ಕೇಳ್ತೀನಿ.” ಅವನು ಬ್ಲೇಡು ಕೆಳಗಿಟ್ಟ. “ಈಗಲೇ ಒಂದು ಕೇಳ್ಲಾ?”

“ಕೇಳು.”

“ನಾಳೆ ಮಷೀನು ಕೊಡೋಕೆ ಬರ್ತೀನಿ. ನಾಡಿದ್ದು ಬರೋಕೆ ಕಾರಣ ಇಲ್ಲ. ಅದರ ಮಾರನೇ ದಿನಕ್ಕೂ ಇಲ್ಲ. ಕಾರಣ ಇಲ್ದೇನೇ... ಬಂದು ಹೋಗ್ತಾ ಇರ್ಲಾ?”

ಅವಳು ಸೂಜಿಗೆ ದಾರ ಪೋಣಿಸಿ ಅವನ ಕೈಗೆ ಕೊಟ್ಟಳು. ಗಂಟು ಹಾಕಿ ಮುಗಿಸುವುದು ಇನ್ನೂ ಬಾಕಿಯಿತ್ತು.

“ಬಂದು ಹೋಗೋದು ಬೇಡ,” ಎಂದಳು ಮೆಲ್ಲಗೆ. “ಬಂದು ಇರು.”